ಲಾಗ್ ಸಾಲಿನಲ್ಲಿ ಐದು ಅಕ್ಷರ: ಪೋಸ್ಟ್‌ಗ್ರೆಸ್‌ನ ಎರರ್ ಕೋಡ್ ಸೌಲಭ್ಯದ ವಿಮರ್ಶೆ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ತನ್ನ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನು ಬರೆದಿಡುವ ಫೈಲಿನಲ್ಲಿ, ಬರೆಯುವ ಪ್ರತಿಯೊಂದು ಸಾಲಿನ ಆರಂಭದಲ್ಲಿ ಐದು ಅಕ್ಷರಗಳ ಎರರ್ ಕೋಡ್ ಒಂದನ್ನು ಸೇರಿಸಿಕೊಳ್ಳುವ ಸೌಲಭ್ಯ 2010ರಲ್ಲಿ ಬಿಡುಗಡೆಯಾದ 9.0 ಆವೃತ್ತಿಯಿಂದಲೂ ಇದೆ. ನಾನು ಅದನ್ನು ಚಾಲೂ ಮಾಡಿದ್ದು ಮಾತ್ರ ಎರಡು ಮೆಣಸಿನಕಾಯಿ ಸುಗ್ಗಿಗಳ ಹಿಂದೆ, ಅದೂ ಒಂದು ಪೆಟ್ಟು ತಿಂದ ಮೇಲೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕುಳಿತು ಬ್ಯಾಡಗಿ, ಗದಗ, ಧಾರವಾಡಗಳ ಹತ್ತಾರು ಸಣ್ಣ ಸಂಸ್ಥೆಗಳ ಡೇಟಾಬೇಸ್‌ಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ ಈ ಸೌಲಭ್ಯ ಎಷ್ಟರ ಮಟ್ಟಿಗೆ ಉಪಯೋಗವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಳಕೆಯ ಅನುಭವದಿಂದಲೇ ಬರೆಯುತ್ತಿದ್ದೇನೆ. ಸಾಫ್ಟ್‌ವೇರಿಗೆ ಬೆಲೆ ಇಲ್ಲ, ಲೈಸೆನ್ಸ್ ಶುಲ್ಕವೂ ಇಲ್ಲ. ಆದ್ದರಿಂದ ಇಲ್ಲಿ ತೂಗಬೇಕಾದದ್ದು ನಮ್ಮ ಸಮಯ ಮತ್ತು ನಿದ್ದೆಯ ಲೆಕ್ಕವನ್ನು ಮಾತ್ರ.

ಮೊದಲು ಆ ಪೆಟ್ಟಿನ ವಿಷಯ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಬಿಲ್ಲಿಂಗ್ ಸರ್ವರ್ ನನ್ನ ಜವಾಬ್ದಾರಿಯಲ್ಲಿದೆ. ಸುಗ್ಗಿಯ ದಿನಗಳಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್ ಮುಗಿದ ಮೇಲೆ ಲಾಟ್‌ಗಳ ತೂಕ, ರೈತರ ಪಟ್ಟಿ, ಖರೀದಿದಾರರ ಬಿಲ್ ಎಲ್ಲವೂ ಒಂದೇ ಹೊತ್ತಿನಲ್ಲಿ ಏರುತ್ತವೆ. ಗುಮಾಸ್ತರು ಎಂಟು ಕಂಪ್ಯೂಟರುಗಳಲ್ಲಿ ಕುಳಿತು ತೂಕದ ಚೀಟಿಗಳನ್ನು ಹೊಡೆಯುತ್ತಾರೆ. ಆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದವರು ಪ್ರತಿಯೊಂದು ಕಿಟಕಿ ತೆರೆದಾಗಲೂ ಹೊಸ ಕನೆಕ್ಷನ್ ತೆಗೆದು, ಕಿಟಕಿ ಮುಚ್ಚಿದಾಗ ಅದನ್ನು ಮುಚ್ಚುವುದನ್ನು ಮರೆತಿದ್ದರು. ಸರ್ವರಿನ ಗರಿಷ್ಠ ಕನೆಕ್ಷನ್‌ಗಳ ಮಿತಿ ಮೊದಲಿನಿಂದಲೇ 100 ಎಂದು ನಿಗದಿಯಾಗಿರುತ್ತದೆ, ಅದರಲ್ಲಿ 3 ಸೂಪರ್‌ಯೂಸರ್‌ಗೆ, ಅಂದರೆ ಎಲ್ಲ ಅಧಿಕಾರವುಳ್ಳ ಬಳಕೆದಾರನಿಗೆ, ಮೀಸಲು. ಹೀಗಾಗಿ 97 ತುಂಬಿದ ಕ್ಷಣದಿಂದ ಸಾಮಾನ್ಯ ಬಳಕೆದಾರನಿಗೆ ಬಾಗಿಲು ಮುಚ್ಚುತ್ತದೆ. ಈ ಕಾಯಿಲೆ ನನಗೆ ಹಳೆಯದೇ ಆಗಿದ್ದರಿಂದ, ಲಾಗ್‌ನಲ್ಲಿ ‘ಉಳಿದ ಕನೆಕ್ಷನ್ ಸ್ಥಾನಗಳು ರೆಪ್ಲಿಕೇಶನ್ ಅಲ್ಲದ ಸೂಪರ್‌ಯೂಸರ್ ಕನೆಕ್ಷನ್‌ಗಳಿಗೆ ಮೀಸಲು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಕಂಡ ತಕ್ಷಣ ನನ್ನ ಫೋನಿಗೆ ಸಂದೇಶ ಕಳುಹಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಎರಡು ವರ್ಷ ಅದು ಚೆನ್ನಾಗಿಯೇ ನಡೆಯಿತು.

ಆಮೇಲೆ ಸರ್ವರನ್ನು 14ನೇ ಆವೃತ್ತಿಯಿಂದ 16ಕ್ಕೆ ಏರಿಸಿದೆ. ಸುಗ್ಗಿಯ ಮೊದಲ ಸೋಮವಾರ ಹನ್ನೊಂದೂವರೆಗೆ ಅಂಗಡಿಯಿಂದ ಫೋನ್ ಬಂತು: “ಸರ, ಬಿಲ್ ಬರವಲ್ದ್ರಿ, ಬರೇ ಎರರ್ ತೋರಸಾಕತ್ತೈತಿ.” ನನ್ನ ಸ್ಕ್ರಿಪ್ಟಿನಿಂದ ಒಂದು ಸಂದೇಶವೂ ಬಂದಿರಲಿಲ್ಲವಾದ್ದರಿಂದ ಇದು ಕನೆಕ್ಷನ್ ಸಮಸ್ಯೆ ಅಲ್ಲವೆಂದು ತಿಳಿದು, ನೆಟ್‌ವರ್ಕ್, ಸ್ವಿಚ್, ಡಿಸ್ಕ್ ಎಂದು ಮುಕ್ಕಾಲು ತಾಸು ಬೇರೆಲ್ಲ ಹುಡುಕಿದೆ. ಕೊನೆಗೆ ಲಾಗ್ ತೆರೆದು ಕಣ್ಣಾರೆ ಓದಿದಾಗ ತಿಳಿದದ್ದೆಂದರೆ, 16ನೇ ಆವೃತ್ತಿಯಲ್ಲಿ ಆ ವಾಕ್ಯವನ್ನೇ ಬದಲಿಸಿದ್ದಾರೆ. ಈಗ ಅದು ‘ಸೂಪರ್‌ಯೂಸರ್ ಗುಣವುಳ್ಳ ರೋಲ್‌ಗಳಿಗೆ ಮೀಸಲು’ ಎಂದು ಹೇಳುತ್ತದೆ (ರೋಲ್ ಎಂದರೆ ಬಳಕೆದಾರನ ಖಾತೆ). ಮೀಸಲು ಕನೆಕ್ಷನ್‌ಗಳನ್ನು ಬೇರೆ ರೋಲ್‌ಗಳಿಗೂ ಕೊಡುವ ಹೊಸ ವ್ಯವಸ್ಥೆ ಆ ಆವೃತ್ತಿಯಲ್ಲಿ ಬಂದದ್ದರಿಂದ ಮಾತು ಬದಲಾದದ್ದು ನ್ಯಾಯವೇ. ವಾಕ್ಯ ಮನುಷ್ಯ ಓದಲಿಕ್ಕೆ ಬರೆದದ್ದು, ಅದನ್ನು ಬರೆದವರು ಯಾವಾಗ ಬೇಕಾದರೂ ತಿದ್ದಬಹುದು. ಅದನ್ನು ಯಂತ್ರದಿಂದ ಓದಿಸಲು ಹೊರಟದ್ದು ನನ್ನ ತಪ್ಪು. ಆ ಎರಡೂ ವಾಕ್ಯಗಳ ಹಿಂದಿರುವ ಕೋಡ್ ಮಾತ್ರ ಒಂದೇ: 53300. ಕನೆಕ್ಷನ್‌ಗಳು ಹೆಚ್ಚಾದವು ಎಂಬುದಷ್ಟೇ ಅದರ ಅರ್ಥ. ನೂರೂ ತುಂಬಿ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂಬ ಇನ್ನೊಂದು ವಾಕ್ಯ ಬಂದರೂ ಕೋಡ್ ಅದೇ.

ಆ ರಾತ್ರಿಯೇ ಕೋಡ್ ಚಾಲೂ ಮಾಡಿದೆ. ಕೆಲಸ ಬಹಳ ಚಿಕ್ಕದು. ಕಾನ್ಫಿಗ್ ಫೈಲಿನಲ್ಲಿ ‘ಲಾಗ್ ಲೈನ್ ಪ್ರಿಫಿಕ್ಸ್’ ಎಂಬ ಒಂದು ಸೆಟ್ಟಿಂಗ್ ಇದೆ. ಪ್ರತಿ ಸಾಲಿನ ಮುಂದೆ ಏನೇನು ಬರಬೇಕು ಎಂಬುದನ್ನು ಶೇಕಡಾ ಚಿಹ್ನೆ ಮತ್ತು ಒಂದೊಂದು ಅಕ್ಷರದ ಜೋಡಿಯಾಗಿ ಅದರಲ್ಲಿ ಬರೆಯಬೇಕು. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಅದರಲ್ಲಿ ಸಮಯ ಮತ್ತು ಪ್ರೊಸೆಸ್ ಸಂಖ್ಯೆ (ಒಂದೊಂದು ಕನೆಕ್ಷನ್ನನ್ನು ನೋಡಿಕೊಳ್ಳುವ ಪ್ರೊಸೆಸ್ಸಿನ ಗುರುತು) ಎರಡು ಮಾತ್ರ ಮೊದಲೇ ತುಂಬಿರುತ್ತವೆ. ಅದಕ್ಕೆ ಶೇಕಡಾ ಚಿಹ್ನೆಯ ಜೊತೆ ಇಂಗ್ಲಿಷಿನ ಸಣ್ಣ ‘ಇ’ ಸೇರಿಸಿ ರೀಲೋಡ್ ಕೊಟ್ಟರೆ ಸಾಕು. ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸುವ ಅಗತ್ಯ ಇಲ್ಲ. ಲಾಗ್ ಫೈಲಿನ ಗಾತ್ರದಲ್ಲಿ ಸಾಲಿಗೆ ಆರು ಅಕ್ಷರ, ಅಂದರೆ ಐದು ಕೋಡಿನದು ಮತ್ತು ಒಂದು ಖಾಲಿ ಜಾಗ, ಹೆಚ್ಚಾಗುತ್ತದೆ. ಇಷ್ಟು ಅಗ್ಗದ ಸೌಲಭ್ಯವನ್ನು ತಯಾರಕರು ಮೊದಲಿನಿಂದಲೇ ಏಕೆ ಚಾಲೂ ಇಟ್ಟಿಲ್ಲ ಎಂಬುದು ನನ್ನ ಮೊದಲ ದೂರು.

ಕೋಡಿನ ರಚನೆಯ ಬಗ್ಗೆ ಹೇಳದಿದ್ದರೆ ಅದರ ಬೆಲೆ ತಿಳಿಯುವುದಿಲ್ಲ. ಇದು ಪೋಸ್ಟ್‌ಗ್ರೆಸ್‌ನವರು ತಮ್ಮಷ್ಟಕ್ಕೆ ಹುಟ್ಟಿಸಿದ ಸಂಖ್ಯೆಯಲ್ಲ, ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡದ ‘ಎಸ್‌ಕ್ಯೂಎಲ್‌ಸ್ಟೇಟ್’ ಪದ್ಧತಿಯನ್ನು 2003ರ 7.4 ಆವೃತ್ತಿಯಲ್ಲಿ ಅಳವಡಿಸಿಕೊಂಡದ್ದು. ಐದು ಅಕ್ಷರಗಳಲ್ಲಿ ಮೊದಲ ಎರಡು ವರ್ಗವನ್ನು ಹೇಳುತ್ತವೆ, ಉಳಿದ ಮೂರು ಆ ವರ್ಗದೊಳಗಿನ ನಿರ್ದಿಷ್ಟ ತಪ್ಪನ್ನು. 23 ಎಂದರೆ ದತ್ತಾಂಶದ ನಿಯಮ ಮುರಿದದ್ದು: 23505 ಒಂದೇ ಕೀಲಿಯ ದಾಖಲೆ ಎರಡನೆಯ ಸಲ ಬಂದದ್ದು, 23503 ಇಲ್ಲದ ದಾಖಲೆಗೆ ಕೊಂಡಿ ಹಾಕಲು ಹೋದದ್ದು, 23502 ಖಾಲಿ ಬಿಡಬಾರದ್ದನ್ನು ಖಾಲಿ ಬಿಟ್ಟದ್ದು. 42 ಎಂದರೆ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಬರೆದದ್ದೇ ತಪ್ಪು: ಇಲ್ಲದ ಟೇಬಲ್, ಇಲ್ಲದ ಕಾಲಮ್, ವ್ಯಾಕರಣದ ದೋಷ. 53 ಎಂದರೆ ಸಾಮಗ್ರಿ ಸಾಲದಾಗಿದೆ: ಡಿಸ್ಕ್ ತುಂಬಿದರೆ 53100, ಮೆಮೊರಿ ಸಾಲದಿದ್ದರೆ 53200. 28 ಎಂದರೆ ಪಾಸ್‌ವರ್ಡ್ ಅಥವಾ ಪ್ರವೇಶದ ತಕರಾರು. ಎಕ್ಸ್‌ಎಕ್ಸ್ ಎಂದು ಆರಂಭವಾದರೆ ಸರ್ವರಿನ ಒಳಗೇ ಏನೋ ಕೆಟ್ಟಿದೆ. ಎಕ್ಸ್‌ಎಕ್ಸ್001 ದತ್ತಾಂಶ ಹಾಳಾಗಿದೆ ಎಂದೂ, ಎಕ್ಸ್‌ಎಕ್ಸ್002 ಇಂಡೆಕ್ಸ್ ಹಾಳಾಗಿದೆ ಎಂದೂ ಹೇಳುತ್ತದೆ.

ನನಗೆ ಈ ಎರಡಕ್ಷರದ ವರ್ಗವೇ ಇಡೀ ಸೌಲಭ್ಯದ ಜೀವಾಳವಾಗಿ ಕಾಣುತ್ತದೆ, ಏಕೆಂದರೆ ಅದು ತಪ್ಪು ಯಾವುದು ಎನ್ನುವುದಕ್ಕಿಂತ ಮೊದಲು, ಈಗ ಏಳಬೇಕಾದವರು ಯಾರು ಎಂಬುದನ್ನು ಹೇಳುತ್ತದೆ. 23 ಬಂದರೆ ಅದು ಗುಮಾಸ್ತರ ಮತ್ತು ಅಂಗಡಿಯ ಕೆಲಸದ ವಿಷಯ, ಸರ್ವರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. 42 ಬಂದರೆ ಸಾಫ್ಟ್‌ವೇರ್ ಬರೆದವರನ್ನು ಕರೆಯಬೇಕು. 53, 58 (ಪೋಸ್ಟ್‌ಗ್ರೆಸ್‌ನ ಹೊರಗಿನ ವ್ಯವಸ್ಥೆಯ ದೋಷ) ಅಥವಾ ಎಕ್ಸ್‌ಎಕ್ಸ್ ಬಂದರೆ ನಾನು ಹಾಸಿಗೆ ಬಿಟ್ಟು ಏಳಬೇಕು. ಈಗ ನನ್ನ ಸ್ಕ್ರಿಪ್ಟ್ ವಾಕ್ಯವನ್ನು ನೋಡುವುದೇ ಇಲ್ಲ; ಈ ಮೂರು ವರ್ಗಗಳು ಕಂಡರೆ ಮಾತ್ರ ಫೋನ್ ಬಾರಿಸುತ್ತದೆ, ಉಳಿದದ್ದನ್ನು ಎಣಿಸಿ ಮುಂಜಾನೆ ಒಂದು ಪಟ್ಟಿ ಕಳುಹಿಸುತ್ತದೆ. ಮೊದಲು ‘ಎರರ್’ ಎಂಬ ಪದ ಕಂಡಲ್ಲೆಲ್ಲ ಫೋನ್ ಬಾರಿಸುವಂತೆ ಮಾಡಿಟ್ಟು, ಎರಡನೇ ವಾರದಲ್ಲಿ ಕಿರಿಕಿರಿ ತಾಳಲಾರದೆ ಅದನ್ನೇ ಬಂದ್ ಮಾಡಿದ್ದವನು ನಾನು.

ಇದರ ಉಪಯೋಗ ಗೊತ್ತಾದದ್ದು ಗದಗದ ಒಂದು ಗೋದಾಮಿನ ಸರ್ವರಿನಲ್ಲಿ. ಯುಪಿಎಸ್‌ನ ಬ್ಯಾಟರಿ ಸತ್ತುಹೋಗಿದ್ದು ಯಾರಿಗೂ ತಿಳಿದಿರಲಿಲ್ಲ. ಕರೆಂಟ್ ಹೋದಾಗಲೆಲ್ಲ ಸರ್ವರ್ ದೊಪ್ಪನೆ ಬಿದ್ದು ಏಳುತ್ತಿತ್ತು. ಹಾಗೆ ಎದ್ದ ಒಂದು ದಿನ, ಸಾವಿರಾರು ಸಾಲುಗಳ ನಡುವೆ ಎಕ್ಸ್‌ಎಕ್ಸ್001 ಎಂಬ ಕೋಡಿನ ಒಂದೇ ಒಂದು ಸಾಲು ಬಂತು: ಒಂದು ಟೇಬಲ್‌ನ ಒಂದು ಬ್ಲಾಕಿನಲ್ಲಿ ಪುಟ ಸರಿಯಿಲ್ಲ ಎಂದು. ಯಾರೋ ಹಳೆಯ ವರ್ಷದ ವರದಿ ತೆಗೆಯಲು ಹೋಗಿ, ಅದು ಬರದೇ ಇದ್ದಾಗ ಚಹಾಕ್ಕೆ ಎದ್ದು ಹೋಗಿದ್ದರು. ದೂರು ಬಂದಿರಲಿಲ್ಲ. ನನ್ನ ಫೋನ್ ಬಾರಿಸಿದ್ದರಿಂದ ಅದೇ ದಿನ ಬ್ಯಾಕಪ್ಪಿನಿಂದ ಆ ಟೇಬಲ್ ಮರಳಿ ತರಲು ಸಾಧ್ಯವಾಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಒಳ್ಳೆಯ ಬ್ಯಾಕಪ್ ಉರುಳಿಹೋಗಿ ಹಾಳಾದದ್ದರ ಬ್ಯಾಕಪ್ಪೇ ಉಳಿಯುತ್ತಿತ್ತು. ಬ್ಯಾಟರಿಯನ್ನೂ ಅದೇ ದಿನ ಬದಲಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಎಡವಿದ ಜಾಗಗಳು. ಮೊದಲನೆಯದರಲ್ಲಿ ನನಗೇ ಮುಜುಗರವಾಯಿತು. ಮುಂಜಾನೆಯ ಪಟ್ಟಿಯಲ್ಲಿ ಬ್ಯಾಡಗಿಯ ಅಂಗಡಿಯ 23505ರ ಎಣಿಕೆ ವಿಪರೀತ ಕಂಡದ್ದರಿಂದ, ಗುಮಾಸ್ತರು ಒಂದೇ ತೂಕದ ಚೀಟಿಯನ್ನು ಮೇಲಿಂದ ಮೇಲೆ ಹೊಡೆಯುತ್ತಿದ್ದಾರೆ ಎಂದು ಮಾಲೀಕರಿಗೆ ತಿಳಿಸಿದೆ. ಅವರು ಚೀಟಿಗಳ ಕಟ್ಟನ್ನೇ ಬಿಚ್ಚಿ ಎಣಿಸಿ, ಎರಡು ಸಲ ಹೊಡೆದದ್ದು ಒಂಬತ್ತು, ನೀವು ಇಪ್ಪತ್ತೇಳು ಅನ್ನುತ್ತೀರಿ ಎಂದರು. ಲಾಗ್ ತೆರೆದು ನೋಡಿದೆ. 2025ರ ಫೆಬ್ರುವರಿ 10, ಸೋಮವಾರ, ಒಂದೇ ಘಟನೆಗೆ ಒಂದೇ ಕ್ಷಣದ ಮೂರು ಸಾಲುಗಳು ಒಂದರ ಕೆಳಗೊಂದು ಇದ್ದವು. ಮೊದಲನೆಯದರಲ್ಲಿ 23505, ಎರರ್, ಡೂಪ್ಲಿಕೇಟ್ ಕೀ ಎಂಬ ಮಾತು. ಎರಡನೆಯದರಲ್ಲಿ 23505, ಡೀಟೇಲ್, ಯಾವ ಲಾಟ್ ನಂಬರ್ ಮೊದಲೇ ಇದೆ ಎಂಬ ವಿವರ. ಮೂರನೆಯದರಲ್ಲಿ 23505, ಸ್ಟೇಟ್‌ಮೆಂಟ್, ಸಾಫ್ಟ್‌ವೇರ್ ಕಳುಹಿಸಿದ ಪೂರ್ತಿ ಕ್ವೆರಿ. ಸರ್ವರ್ ತಪ್ಪಿನ ವಿವರದ ಸಾಲಿಗೂ, ಕ್ವೆರಿಯ ಸಾಲಿಗೂ ಅದೇ ಪ್ರಿಫಿಕ್ಸ್ ಅಂಟಿಸುತ್ತದೆ, ಆದ್ದರಿಂದ ಕೋಡ್ ಕಂಡ ಸಾಲುಗಳನ್ನು ಎಣಿಸಿದರೆ ಒಂದು ತಪ್ಪು ಮೂರಾಗುತ್ತದೆ, ಸುಳಿವಿನ ಸಾಲೂ ಇದ್ದರೆ ನಾಲ್ಕಾಗುತ್ತದೆ. ಎಣಿಸುವಾಗ ಕೋಡಿನ ಜೊತೆಗೆ ‘ಎರರ್’, ‘ಫೇಟಲ್’ ಅಥವಾ ‘ಪ್ಯಾನಿಕ್’ ಎಂಬ ಪದವೂ ಇರುವ ಸಾಲನ್ನು ಮಾತ್ರ ಹಿಡಿಯಬೇಕು. ಅಂದಿನಿಂದ ಆ ಮಾಲೀಕರು ನನ್ನ ಯಾವ ಅಂಕಿಯನ್ನು ಹೇಳಿದರೂ ಮೂರರಿಂದ ಭಾಗಿಸಲೇ ಎಂದು ಕೇಳುತ್ತಾರೆ.

ಇದಕ್ಕೆ ಅಚ್ಚುಕಟ್ಟಾದ ಪರಿಹಾರ ತಯಾರಕರೇ ಕೊಟ್ಟಿದ್ದಾರೆ. ಲಾಗ್ ಅನ್ನು ಸಿಎಸ್‌ವಿ ರೂಪದಲ್ಲಿ ಬರೆಸುವ ಅನುಕೂಲ 2008ರ 8.3 ಆವೃತ್ತಿಯಿಂದಲೂ, ಜೇಸನ್ ರೂಪದಲ್ಲಿ ಬರೆಸುವುದು 2022ರ 15ನೇ ಆವೃತ್ತಿಯಿಂದಲೂ ಇದೆ. ಇವೆರಡರಲ್ಲೂ ಒಂದು ಘಟನೆಗೆ ಒಂದೇ ದಾಖಲೆ. ಕೋಡ್, ಸಂದೇಶ, ವಿವರ, ಕ್ವೆರಿ ಎಲ್ಲವೂ ಅದರೊಳಗಿನ ಬೇರೆ ಬೇರೆ ಮನೆಗಳಲ್ಲಿ ಇರುತ್ತವೆ. ಕೋಡಿಗಾಗಿ ಪ್ರಿಫಿಕ್ಸ್ ಮುಟ್ಟುವ ಅಗತ್ಯವೂ ಇಲ್ಲ. ಆದರೆ ಇದಕ್ಕೆ ಲಾಗ್ ಸಾಲುಗಳನ್ನು ಸಂಗ್ರಹಿಸಿ ಫೈಲಿಗೆ ಬರೆಯುವ ‘ಲಾಗಿಂಗ್ ಕಲೆಕ್ಟರ್’ ಚಾಲೂ ಇರಬೇಕು. ಅದು ಇಲ್ಲದಿದ್ದರೆ ಚಾಲೂ ಮಾಡಲು ಸರ್ವರನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕಾಗುತ್ತದೆ. ಮೇಲಾಗಿ ಜೇಸನ್ ಸಾಲನ್ನು ಬರಿಗಣ್ಣಿನಿಂದ ಓದುವುದು ಮುಳ್ಳಿನ ಬೇಲಿಯಲ್ಲಿ ಕೈ ಹಾಕಿದ ಹಾಗೆ. ಮೋಟೆಬೆನ್ನೂರಿನ ಹತ್ತಿರ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲೇ ಲಾಗ್ ನೋಡಬೇಕಾದ ಸಂದರ್ಭಗಳು ನನಗೆ ಬರುವುದರಿಂದ ನಾನು ಎರಡೂ ರೂಪಗಳಲ್ಲಿ ಬರೆಸುತ್ತೇನೆ, ಸಾದಾ ಲಾಗ್ ನನಗೆ, ಜೇಸನ್ ಸ್ಕ್ರಿಪ್ಟಿಗೆ. ಡಿಸ್ಕ್ ಸಣ್ಣದಿದ್ದವರು ಒಂದನ್ನೇ ಆರಿಸಿಕೊಳ್ಳಬೇಕು.

ಕೋಡನ್ನು ತರಿಸುವ ಮೂರನೆಯ ದಾರಿಯೊಂದಿದೆ. ‘ಲಾಗ್ ಎರರ್ ವರ್ಬಾಸಿಟಿ’ ಎಂಬ ಸೆಟ್ಟಿಂಗನ್ನು ‘ವರ್ಬೋಸ್’ ಮಾಡಿದರೆ ಎರರ್ ಎಂಬ ಪದದ ಮುಂದೆ ಕೋಡ್ ಬರುವುದಲ್ಲದೆ, ಪೋಸ್ಟ್‌ಗ್ರೆಸ್‌ನ ಸೋರ್ಸ್ ಕೋಡಿನ ಯಾವ ಫೈಲಿನ ಯಾವ ಫಂಕ್ಷನ್ನಿನ ಎಷ್ಟನೇ ಸಾಲಿನಲ್ಲಿ ಈ ಸಂದೇಶ ಹುಟ್ಟಿತು ಎಂಬುದೂ ಬರುತ್ತದೆ. ಪೋಸ್ಟ್‌ಗ್ರೆಸ್ ಒಳಗೆ ಕೈಯಾಡಿಸುವವರಿಗೆ ಅದು ಬೇಕಾದೀತು. ದಲಾಲಿ ಅಂಗಡಿಗೆ ಬೇಡ.

ಅದೇ ಸೆಟ್ಟಿಂಗಿನ ಇನ್ನೊಂದು ತುದಿಯಾದ ‘ಟರ್ಸ್’ ಮಾತ್ರ ನನಗೆ ಅನಿರೀಕ್ಷಿತವಾಗಿ ಉಪಯೋಗವಾಯಿತು. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೊಡುವ ಒಂದು ಸಂಸ್ಥೆಯ ನೋಂದಣಿ ವ್ಯವಸ್ಥೆಯಲ್ಲಿ, ಒಂದೇ ಮೊಬೈಲ್ ಸಂಖ್ಯೆಯಿಂದ ಎರಡನೆಯ ಸಲ ಹೆಸರು ಹಚ್ಚಿದ ವಿದ್ಯಾರ್ಥಿಗಳೆಲ್ಲರ ಸಂಖ್ಯೆಗಳೂ ಡೀಟೇಲ್ ಸಾಲಿನಲ್ಲಿ ಹಾಗೆಯೇ ಬಿದ್ದಿರುತ್ತಿದ್ದವು. ಆ ಲಾಗ್ ಫೈಲನ್ನು ಸಾಫ್ಟ್‌ವೇರಿನವರು ತಮ್ಮ ತಮ್ಮಲ್ಲಿ ವಾಟ್ಸಾಪಿನಲ್ಲಿ ಕಳುಹಿಸಿಕೊಳ್ಳುತ್ತಿದ್ದುದನ್ನು ಕಂಡು ನನಗೆ ಸರಿ ಅನ್ನಿಸಲಿಲ್ಲ. ‘ಟರ್ಸ್’ ಮಾಡಿದರೆ ವಿವರ, ಸುಳಿವು, ಸಂದರ್ಭದ ಸಾಲುಗಳು ನಿಲ್ಲುತ್ತವೆ; ಪ್ರಿಫಿಕ್ಸಿನಲ್ಲಿರುವ ಕೋಡ್ ಮಾತ್ರ ಉಳಿಯುತ್ತದೆ. ಆದರೆ ಕ್ವೆರಿಯ ಸಾಲು ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ‘ಲಾಗ್ ಮಿನ್ ಎರರ್ ಸ್ಟೇಟ್‌ಮೆಂಟ್’ ಎಂಬುದನ್ನು ‘ಪ್ಯಾನಿಕ್’ ಮಟ್ಟಕ್ಕೆ ಏರಿಸಬೇಕು. ಎರಡನ್ನೂ ಮಾಡಿದ ಮೇಲೆ ಲಾಗ್‌ನಲ್ಲಿ ಯಾರ ಮೊಬೈಲ್ ಸಂಖ್ಯೆಯೂ ಇಲ್ಲ, ಆದರೂ ದಿನಕ್ಕೆ ಎಷ್ಟು ಮಂದಿ ಎರಡನೆಯ ಸಲ ನೋಂದಾಯಿಸಲು ಹೋದರು ಎಂಬುದು 23505 ಎಣಿಸಿದರೆ ತಿಳಿಯುತ್ತದೆ. ಈ ಜೋಡಣೆ ನನಗೆ ಬಹಳ ಮೆಚ್ಚುಗೆಯಾಯಿತು.

ಇನ್ನೊಂದು ಎಚ್ಚರಿಕೆ 25ಪಿ02 ಎಂಬ ಕೋಡಿನ ಬಗ್ಗೆ. ಒಂದು ಟ್ರಾನ್ಸಾಕ್ಷನ್ನಿನ, ಅಂದರೆ ಒಟ್ಟಾಗಿಯೇ ಆಗಬೇಕಾದ ಕ್ವೆರಿಗಳ ಕಟ್ಟಿನ, ನಡುವೆ ಒಂದು ಕ್ವೆರಿ ತಪ್ಪಿದರೆ, ಆ ಟ್ರಾನ್ಸಾಕ್ಷನ್ ರದ್ದು ಮಾಡುವ ತನಕ ಬರುವ ಪ್ರತಿ ಕ್ವೆರಿಗೂ ಸರ್ವರ್ ಇದೇ ಕೋಡ್ ಕೊಟ್ಟು ನಿರಾಕರಿಸುತ್ತದೆ. ತಪ್ಪನ್ನು ಗಮನಿಸದೆ ಮುಂದಿನ ಮೂವತ್ತು ಕ್ವೆರಿಗಳನ್ನು ಕಳುಹಿಸುತ್ತಲೇ ಹೋಗುವ ಸಾಫ್ಟ್‌ವೇರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ಎಣಿಕೆಯ ಪಟ್ಟಿಯಲ್ಲಿ 25ಪಿ02 ಯಾವಾಗಲೂ ಮೇಲೆ ನಿಲ್ಲುತ್ತದೆ, ನಿಜವಾದ ತಪ್ಪು ಅದರ ಕೆಳಗೆ ಎಲ್ಲೋ ಒಂದೇ ಸಲ ಬಂದು ಕುಳಿತಿರುತ್ತದೆ. ಅದೇ ಪ್ರೊಸೆಸ್ ಸಂಖ್ಯೆಯ ಹಿಂದಿನ ಸಾಲುಗಳಲ್ಲಿ, 25ಪಿ02 ಅಲ್ಲದ ಮೊದಲ ಕೋಡನ್ನು ಹುಡುಕುವುದು ಸರಿಯಾದ ಕ್ರಮ. ಈ ಕಾರಣಕ್ಕೆ ಪ್ರಿಫಿಕ್ಸಿನಲ್ಲಿ ಕೋಡಿನ ಜೊತೆ ಪ್ರೊಸೆಸ್ ಸಂಖ್ಯೆಯೂ ಸದಾ ಇರಬೇಕು.

ಡೆಡ್‌ಲಾಕ್‌ನ 40ಪಿ01 ಕೋಡ್ ಇದಕ್ಕೆ ವಿರುದ್ಧ ಸ್ವಭಾವದ್ದು, ಬಹಳ ಪ್ರಾಮಾಣಿಕ. ಬ್ಯಾಡಗಿಯಲ್ಲಿ ಒಬ್ಬ ಗುಮಾಸ್ತರು ಲಾಟ್ ದಾಖಲೆ ಹಿಡಿದು ರೈತರ ಖಾತೆಗೆ ಕಾಯುತ್ತಿದ್ದಾಗ, ಇನ್ನೊಬ್ಬರ ಕಿಟಕಿ ಅದೇ ರೈತರ ಖಾತೆ ಹಿಡಿದು ಅದೇ ಲಾಟಿಗೆ ಕಾಯುತ್ತಿತ್ತು. ಸರ್ವರ್ ಒಂದು ಸೆಕೆಂಡ್ ಕಾದು ನೋಡಿ, ಇಬ್ಬರಲ್ಲಿ ಒಬ್ಬರ ಕೆಲಸವನ್ನು ರದ್ದು ಮಾಡಿ, ಎರಡೂ ಕಡೆಯ ಕ್ವೆರಿಗಳನ್ನು ಲಾಗ್‌ನಲ್ಲಿ ಬರೆದಿಟ್ಟಿತ್ತು. ಈ ಕೋಡ್ ಬಂದರೆ, ಹಾಗೆಯೇ ಏಕಕಾಲದ ಟ್ರಾನ್ಸಾಕ್ಷನ್ನುಗಳು ಒಂದಕ್ಕೊಂದು ಅಡ್ಡ ಬಂದಾಗ ಸಿಗುವ 40001 ಬಂದರೆ, ಸಾಫ್ಟ್‌ವೇರ್ ಇಡೀ ಟ್ರಾನ್ಸಾಕ್ಷನ್ನನ್ನು ಮತ್ತೊಮ್ಮೆ ಮಾಡಿ ನೋಡಬಹುದು. 23505 ಬಂದರೆ ಮತ್ತೆ ಮಾಡಿ ಪ್ರಯೋಜನವಿಲ್ಲ. ಲಾಗ್‌ನಲ್ಲಿ ಕಂಡ ಕೋಡೇ ಸಾಫ್ಟ್‌ವೇರಿಗೂ ತಲುಪುವುದರಿಂದ, ಬರೆದವರಿಗೆ ಫೋನಿನಲ್ಲಿ ‘ನಲವತ್ತು ಪಿ ಸೊನ್ನೆ ಒಂದು ಬಂದರೆ ಮೂರು ಸಲ ಪ್ರಯತ್ನಿಸಿ’ ಎಂದು ಹೇಳಿದರೆ ಮುಗಿಯಿತು, ವಾಕ್ಯದ ಸ್ಕ್ರೀನ್‌ಶಾಟ್ ಕಳುಹಿಸುವ ಪ್ರಸಂಗವಿಲ್ಲ. ಸರ್ವರಿನ ಸಂದೇಶಗಳನ್ನು ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಬರೆಸಿಕೊಳ್ಳುವವರಿಗೂ ಕೋಡ್ ಬದಲಾಗುವುದಿಲ್ಲ.

ಈ ಸೌಲಭ್ಯಕ್ಕೆ ಪೂರ್ತಿ ಅಂಕ ಕೊಡಲು ನನ್ನನ್ನು ತಡೆಯುವುದು 57014. ಕ್ವೆರಿ ರದ್ದಾಯಿತು ಎಂಬುದು ಅದರ ಅರ್ಥ. ಆದರೆ ನಾನು ಹಾಕಿದ ಸಮಯದ ಮಿತಿ ಮೀರಿ ರದ್ದಾದರೂ 57014. ಬಳಕೆದಾರನೇ ಬೇಸತ್ತು ನಿಲ್ಲಿಸಿದರೂ 57014. ಸರ್ವರಿನ ಸ್ವಚ್ಛತಾ ಕೆಲಸವಾದ ಆಟೋವ್ಯಾಕ್ಯೂಮ್ ಬೇರೆಯವರಿಗೆ ದಾರಿ ಬಿಡಲು ತಾನೇ ನಿಂತರೂ 57014. ಮೊದಲನೆಯದು ಕ್ವೆರಿ ನಿಧಾನವಾದದ್ದರ ಸುದ್ದಿ, ನಾನು ನೋಡಲೇಬೇಕು. ಎರಡನೆಯದು ಅವರ ಇಚ್ಛೆ. ಮೂರನೆಯದು ಒಂದೆರಡು ಸಲವಾದರೆ ಸಹಜ, ದಿನವೂ ಆದರೆ ಹಳೆಯ ದಾಖಲೆಗಳ ಕಸದಿಂದ ಟೇಬಲ್ ಉಬ್ಬುತ್ತಿದೆ ಎಂದು ತಿಳಿಯಬೇಕು. ಮೂರು ಬೇರೆ ಬೇರೆ ಕಾರಣಗಳಿಗೆ ಒಂದೇ ಕೋಡ್ ಕೊಟ್ಟಿರುವುದರಿಂದ ಇಲ್ಲಿ ಮತ್ತೆ ವಾಕ್ಯವನ್ನೇ ಓದಿಸಬೇಕಾಗಿದೆ, ಅಂದರೆ ಯಾವ ಹಳ್ಳದಲ್ಲಿ ಬಿದ್ದು ಎದ್ದು ಬಂದೆನೋ ಅದೇ ಹಳ್ಳದ ದಂಡೆಯಲ್ಲಿ ನಿಂತಿದ್ದೇನೆ. ಲಾಕ್‌ಗಾಗಿ ಕಾಯುವ ಮಿತಿ ಮೀರಿದರೆ ಮಾತ್ರ ಪ್ರತ್ಯೇಕವಾಗಿ 55ಪಿ03 ಕೊಡುತ್ತಾರೆ. ಆ ವಿವೇಕವನ್ನು ಇಲ್ಲಿಯೂ ತೋರಿಸಬಹುದಿತ್ತು.

00000 ಎಂಬುದರ ಗದ್ದಲವೂ ಕಡಿಮೆಯಿಲ್ಲ. ಯಾವ ತಪ್ಪೂ ಇಲ್ಲದ ಸಾಲುಗಳಿಗೆ ಸರ್ವರ್ ಈ ಐದು ಸೊನ್ನೆಗಳನ್ನು ಹಚ್ಚುತ್ತದೆ. 15ನೇ ಆವೃತ್ತಿಯಿಂದ ಚೆಕ್‌ಪಾಯಿಂಟ್‌ಗಳ (ಮೆಮೊರಿಯಲ್ಲಿರುವ ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವ ಕೆಲಸದ) ಸುದ್ದಿ ಕೇಳದೆಯೇ ಲಾಗ್‌ಗೆ ಬೀಳುವುದರಿಂದ, ತಪ್ಪುಗಳು ಕಡಿಮೆಯಿರುವ ಸರ್ವರಿನ ಲಾಗ್‌ನಲ್ಲಿ ಪುಟಗಟ್ಟಲೆ ಸೊನ್ನೆಗಳ ಸಾಲೇ ಕಾಣುತ್ತದೆ. ಕಣ್ಣಿಗೆ ರೂಢಿಯಾದ ಮೇಲೆ ಅದರಿಂದ ತೊಂದರೆ ಇಲ್ಲ. ಸೊನ್ನೆಗಳ ನಡುವೆ ಬೇರೆ ಅಂಕಿ ಬಂದರೆ ಅದು ತಾನಾಗಿಯೇ ಎದ್ದು ಕಾಣುತ್ತದೆ ಎಂಬ ಲಾಭವೂ ಇದೆ.

ನಮ್ಮ ನಿಯಮಗಳಿಗೆ ನಮ್ಮದೇ ಕೋಡ್ ಕೊಡುವ ಅವಕಾಶ ಈ ಸೌಲಭ್ಯದಲ್ಲಿ ನಾನು ತಡವಾಗಿ ಕಂಡುಕೊಂಡ ಒಳ್ಳೆಯ ಸಂಗತಿ. ಡೇಟಾಬೇಸ್ ಒಳಗಿನ ಫಂಕ್ಷನ್ನುಗಳಲ್ಲಿ ನಾವೇ ಎಸೆಯುವ ತಪ್ಪುಗಳಿಗೆಲ್ಲ ಏನೂ ಹೇಳದಿದ್ದರೆ ಪಿ0001 ಎಂಬ ಒಂದೇ ಕೋಡ್ ಬೀಳುತ್ತದೆ. ಟೆಂಡರ್ ಮುಗಿದ ಲಾಟಿಗೆ ಮತ್ತೆ ದರ ಹಾಕಿದ್ದೂ ಅದೇ, ಲಾಟ್ ಇಲ್ಲದೆ ತೂಕ ಹೊಡೆದದ್ದೂ ಅದೇ. ತಪ್ಪನ್ನು ಎಸೆಯುವ ಸಾಲಿನಲ್ಲಿಯೇ ನಮಗೆ ಬೇಕಾದ ಐದಕ್ಷರದ ಕೋಡ್ ಬರೆಯಬಹುದು. ಅಂಕಿಗಳು ಮತ್ತು ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ನಡೆಯುತ್ತವೆ, ಮೂರು ಸೊನ್ನೆಗಳಿಂದ ಕೊನೆಗೊಳ್ಳುವ ಕೋಡ್ ವರ್ಗದ ಹೆಸರಾದ್ದರಿಂದ ಅದನ್ನು ಬಳಸದಿರುವುದು ಒಳ್ಳೆಯದು. 0ಯಿಂದ 4ರವರೆಗಿನ ಅಂಕಿ ಅಥವಾ ಎ ಯಿಂದ ಎಚ್ ವರೆಗಿನ ಅಕ್ಷರದಿಂದ ಆರಂಭವಾಗುವ ವರ್ಗಗಳು ಮಾನದಂಡಕ್ಕೆ ಮೀಸಲಾಗಿರುವುದರಿಂದ ನಾನು ಮೆಣಸಿನಕಾಯಿಯ ‘ಎಂ’ ಆರಿಸಿಕೊಂಡು ಮೇಲಿನ ಎರಡು ತಪ್ಪುಗಳಿಗೆ ಕ್ರಮವಾಗಿ ಎಂಸಿ001, ಎಂಸಿ002 ಎಂದು ಇಟ್ಟಿದ್ದೇನೆ. ಗುಮಾಸ್ತರ ಪರದೆಯ ಮೇಲೂ ಅದೇ ಬರುತ್ತದೆ. ಈಗ ಫೋನಿನಲ್ಲಿ “ಸರ, ಎಂಸಿ ಎರಡು ಬಂದೈತ್ರಿ” ಎಂದರೆ, ಡಬ್ಬಿ ತಳಿಯ ಮೆಣಸಿನಕಾಯಿ ಚೀಲಗಳನ್ನು ಕಡ್ಡಿ ತಳಿಯ ಲಾಟಿಗೆ ಹೊಡೆಯಲು ಹೋಗಿ ಲಾಟ್ ನಂಬರ್ ಸಿಗದೆ ನಿಂತಿದ್ದಾರೆ ಎಂದು ಲಾಗ್ ತೆರೆಯದೆಯೇ ಊಹಿಸುತ್ತೇನೆ, ಬಹಳ ಸಲ ಸರಿಯಾಗಿರುತ್ತದೆ.

ಬೇರೆ ಡೇಟಾಬೇಸ್‌ಗಳ ಜೊತೆ ಹೋಲಿಸಿ ನೋಡಬೇಕಾದದ್ದು ನ್ಯಾಯ. ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಮೈಎಸ್‌ಕ್ಯೂಎಲ್ ಇದೆ. 2018ರ 8.0 ಆವೃತ್ತಿಯಿಂದ ಅದರ ಎರರ್ ಲಾಗ್‌ನ ಪ್ರತಿ ಸಾಲಿನಲ್ಲಿ ಎಂವೈ ಎಂಬ ಅಕ್ಷರಗಳೂ ಆರು ಅಂಕಿಗಳೂ ಇರುವ ಕೋಡ್ ಚೌಕ ಕಂಸದಲ್ಲಿ, ಯಾರೂ ಕೇಳದಿದ್ದರೂ, ಬರುತ್ತದೆ. ಮೊದಲಿನಿಂದಲೇ ಚಾಲೂ ಇರುವುದು ಅದರ ಹೆಚ್ಚುಗಾರಿಕೆ. ಆದರೆ ಆ ಲಾಗ್ ಸರ್ವರಿನ ಸ್ವಂತ ಆರೋಗ್ಯದ ವಿಷಯಕ್ಕೆ ಮೀಸಲು. ಬಳಕೆದಾರನ ಕ್ವೆರಿಯಲ್ಲಿ ಒಂದೇ ಕೀಲಿ ಎರಡು ಸಲ ಬಂದರೆ 1062 ಎಂಬ ಕೋಡ್ ಸಾಫ್ಟ್‌ವೇರಿಗೆ ಹೋಗುತ್ತದೆಯೇ ಹೊರತು ಲಾಗ್‌ನಲ್ಲಿ ಕಾಣುವುದಿಲ್ಲ, ಮೇಲಾಗಿ ಅದರ ಎಸ್‌ಕ್ಯೂಎಲ್‌ಸ್ಟೇಟ್ 23000 ಎಂಬ ಒರಟು ವರ್ಗದಲ್ಲೇ ನಿಲ್ಲುತ್ತದೆ. ನನ್ನ ಕೆಲಸಕ್ಕೆ ಪೋಸ್ಟ್‌ಗ್ರೆಸ್‌ನ ಪದ್ಧತಿಯೇ ಹೆಚ್ಚು ಅನುಕೂಲ. ದಾಖಲಾತಿಯಲ್ಲಿ ಮಾತ್ರ ಒರಾಕಲ್‌ಗೆ ಸಾಟಿ ಯಾರೂ ಇಲ್ಲ: ಅದರ ಪ್ರತಿಯೊಂದು ಓರಾ ಸಂಖ್ಯೆಯ ಕೆಳಗೂ ಕಾರಣ ಏನು, ಮಾಡಬೇಕಾದದ್ದು ಏನು ಎಂದು ಎರಡು ಭಾಗ ಬರೆದಿರುತ್ತಾರೆ. ಪೋಸ್ಟ್‌ಗ್ರೆಸ್‌ನ ಕೈಪಿಡಿಯ ಅನುಬಂಧದಲ್ಲಿ ಕೋಡ್ ಮತ್ತು ಅದರ ಹೆಸರು, ಅಷ್ಟೇ ಇದೆ. 53100ರ ಮುಂದೆ ‘ಡಿಸ್ಕ್ ಫುಲ್’ ಎಂದಿದ್ದರೆ ಅರ್ಥವಾಗುತ್ತದೆ, 25ಪಿ02ರ ಮುಂದೆ ಇರುವ ಹೆಸರನ್ನು ಓದಿ ಹೊಸಬರಿಗೆ ಏನು ಮಾಡಬೇಕೆಂದು ತಿಳಿಯುವುದು ಕಷ್ಟ.

ಪೋಸ್ಟ್‌ಗ್ರೆಸ್ ನಡೆಸುವ ಎಲ್ಲ ಗಿರಾಕಿಗಳಲ್ಲೂ ನಾನು ಇದನ್ನು ಚಾಲೂ ಮಾಡುತ್ತಿದ್ದೇನೆ. ಸಮಯ, ಪ್ರೊಸೆಸ್ ಸಂಖ್ಯೆ, ಕೋಡ್, ಬಳಕೆದಾರ, ಡೇಟಾಬೇಸ್, ಅಪ್ಲಿಕೇಶನ್ ಹೆಸರು ಈ ಕ್ರಮದಲ್ಲಿ. ಕೋಡನ್ನು ಬಳಕೆದಾರನ ಹೆಸರಿಗಿಂತ ಮೊದಲು ಇಡಬೇಕು. ಇಲ್ಲದಿದ್ದರೆ ಹೆಸರಿನ ಉದ್ದ ಸಾಲಿನಿಂದ ಸಾಲಿಗೆ ಬದಲಾಗುವುದರಿಂದ ಕೋಡ್ ಆಚೀಚೆ ಸರಿದಾಡಿ ಕಣ್ಣಿಗೆ ಸಿಗುವುದಿಲ್ಲ. ಕಳೆದ ವಾರ ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಗಳ ಸರ್ವರಿನಲ್ಲಿ ಈ ಸಾಲನ್ನು ಬರೆದು ರೀಲೋಡ್ ಕೊಟ್ಟೆ. ಕೋಡ್ ಹೊತ್ತು ಬಂದ ಮೊದಲ ಸಾಲು, ಲಾಗ್ ಲೈನ್ ಪ್ರಿಫಿಕ್ಸ್ ಬದಲಾಗಿದೆ ಎಂದು ಸರ್ವರ್ ತಾನೇ ಬರೆದುಕೊಂಡದ್ದು; ಅದರ ಮುಂದೆ ಐದು ಸೊನ್ನೆಗಳಿದ್ದವು.